ಉಪ್ಪು ಎಲ್ಲಿ ಹೋಯಿತು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಊರುಗಳಲ್ಲಿ ಈಗ ಗುಡಿ, ಶಾಲೆ, ಪಂಚಾಯ್ತಿ ಕಟ್ಟೆಯಷ್ಟೇ ಪರಿಚಿತವಾದ ಇನ್ನೊಂದು ಕಟ್ಟಡವಿದೆ. ಗೋಡೆಯ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಬರಹ, ಮುಂದೆ ನಾಣ್ಯ ಹಾಕುವ ಪೆಟ್ಟಿಗೆ, ಅದರ ಕೆಳಗೊಂದು ನಳ. ಸಂಜೆಯಾದರೆ ಬೈಕು, ಸೈಕಲ್ಲು, ತಳ್ಳುಗಾಡಿಗಳ ಮೇಲೆ 20 ಲೀಟರಿನ ಕ್ಯಾನುಗಳು ಬಂದು ಸಾಲು ಹಚ್ಚುತ್ತವೆ. ಊರವರಿಗೆ ಇದು ‘ಫಿಲ್ಟರ್ ನೀರು’. 2013ರಿಂದ 2018ರವರೆಗೆ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಗಳಲ್ಲಿ ಇಂಥ ಘಟಕಗಳು ಸಾವಿರಾರು ಸಂಖ್ಯೆಯಲ್ಲಿ ಎದ್ದುನಿಂತವು.

ಮುಂದಿನ ನಳ ಎಲ್ಲರೂ ಕಂಡದ್ದು. ಕಟ್ಟಡದ ಹಿಂದೆ ಇನ್ನೊಂದು ಪೈಪು ಇರುತ್ತದೆ. ಯಂತ್ರ ನಡೆಯುವಷ್ಟು ಹೊತ್ತೂ ಅದರಿಂದ ನೀರು ಗಟಾರಕ್ಕೆ ಬೀಳುತ್ತಿರುತ್ತದೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಗಾಗಿ ಘಟಕದ ಮುಂದೆ ಆಪರೇಟರನೊಡನೆ ಇಂಥ ಮಾತುಕತೆ ನಡೆಯುವುದು ಸಹಜ:

“ತಮ್ಮಾ, ಇಷ್ಟ ನೀರು ಸುಮ್ಮನ ಗಟಾರಕ್ಕ ಬಿಡ್ತೀಯಲ್ಲೋ?”

“ಅದು ಸವಳ ನೀರ ಐತಿ ಯವ್ವಾ. ಕುಡಿಯಾಕ ಬರಂಗಿಲ್ಲ.”

“ಬೋರಿನ ನೀರೂ ಸವಳನ ಇತ್ತಲ್ಲೋ?”

“ಇದು ಅದಕ್ಕಿಂತ ಸವಳ.”

ಆಪರೇಟರನ ಕೊನೆಯ ಮಾತು ನೂರಕ್ಕೆ ನೂರು ನಿಜ. ಘಟಕದೊಳಗಿನ ಆರ್‌ಓ ಯಂತ್ರ ಉಪ್ಪನ್ನು ಸುಡುವುದಿಲ್ಲ, ಕರಗಿಸುವುದಿಲ್ಲ, ಮಾಯ ಮಾಡುವುದಿಲ್ಲ. ಒಂದಿಷ್ಟು ನೀರಿನಿಂದ ತೆಗೆದು ಇನ್ನೊಂದಿಷ್ಟು ನೀರಿಗೆ ಸೇರಿಸುತ್ತದೆ, ಅಷ್ಟೇ. ಸಮುದ್ರದ ದಂಡೆಯಲ್ಲಾದರೆ ಆ ಇನ್ನೊಂದಿಷ್ಟನ್ನು ಸಮುದ್ರಕ್ಕೇ ಬಿಡುತ್ತಾರೆ. ಬೈಲಹೊಂಗಲಕ್ಕೆ ಸಮುದ್ರವಿಲ್ಲ. ಇಲ್ಲಿ ಆ ಉಪ್ಪಿಗೆ ಜಾಗವನ್ನು ನಾವೇ ಹುಡುಕಬೇಕು.

ನೆಲದೊಳಗೆ ಉಪ್ಪು ಬಂದದ್ದು

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವಾಗ ಅದರ ಸುತ್ತ ಮಲೆನಾಡಿನ ಜಡಿಮಳೆ. ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ ದಾಟಿ, ಸವದತ್ತಿ ಬಳಿ ನವಿಲುತೀರ್ಥದ ಮರಳುಗಲ್ಲಿನ ಗುಡ್ಡ ಸೀಳಿಕೊಂಡು ರಾಮದುರ್ಗ ಮುಟ್ಟುವ ಹೊತ್ತಿಗೆ ಮಳೆ ವರ್ಷಕ್ಕೆ ಐನೂರು-ಆರುನೂರು ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಹೊಳೆ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಂತರ್ಜಲದ ರುಚಿ ಬದಲಾಗುವುದಕ್ಕೆ ಇದೇ ಮೊದಲ ಕಾರಣ.

ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಕಲ್ಲಿನ ಬಿರುಕಿನಲ್ಲಿ ಇಳಿಯುತ್ತ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಳ್ಳುತ್ತದೆ. ಮಳೆ ಜೋರಿದ್ದಲ್ಲಿ ಇವೆಲ್ಲ ತೊಳೆದು ಹೊಳೆ ಸೇರುತ್ತವೆ. ಮಳೆ ಕಡಿಮೆಯಿದ್ದಲ್ಲಿ ನೀರು ಆವಿಯಾಗಿ ಮೇಲೇರುತ್ತದೆ, ಲವಣ ಹಿಂದೆ ಉಳಿಯುತ್ತದೆ. ಎರಿಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಹರಳುಗಳು ಈ ಕೆಲಸದ ಸಾಕ್ಷಿ. ಇದರ ಮೇಲೆ ಯೂರಿಯಾ, ತಿಪ್ಪೆ ಮತ್ತು ಊರಿನ ಗಟಾರದಿಂದ ನೈಟ್ರೇಟ್ ಇಳಿಯುತ್ತದೆ. ಫ್ಲೋರೈಡ್ ಇರುವ ಖನಿಜಗಳನ್ನು ಹೊತ್ತ ಕಲ್ಲಿದ್ದಲ್ಲಿ ಅದೂ ಸೇರುತ್ತದೆ. ಬೋರು ಆಳವಾದಷ್ಟೂ ಕಲ್ಲಿನೊಡನೆ ಬಹುಕಾಲ ಇದ್ದ ಹಳೆಯ ನೀರು ಮೇಲೆ ಬರುತ್ತದೆ.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಎರಿಸೀಮೆಯ ಅನೇಕ ಊರುಗಳಲ್ಲಿ ಬಾವಿಯ ನೀರು ಬಳಸಲಿಕ್ಕೆ, ಕೆರೆಯ ನೀರು ಕುಡಿಯಲಿಕ್ಕೆ ಎಂಬ ವಿಂಗಡಣೆಯಿತ್ತು. ಕುಡಿಯುವ ಕೆರೆಯಲ್ಲಿ ಬಟ್ಟೆ ಒಗೆಯುವಂತಿರಲಿಲ್ಲ, ಎಮ್ಮೆ ಇಳಿಸುವಂತಿರಲಿಲ್ಲ. ಬೋರು ಬಂದ ಮೇಲೆ ಒಂದೇ ನೀರು ಎರಡಕ್ಕೂ ಆಯಿತು, ಕೆರೆಯ ಕಾವಲು ಸಡಿಲಾಯಿತು.

ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಂತೆ ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು. ಫ್ಲೋರೈಡ್ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ನೈಟ್ರೇಟಿಗೆ 45ರ ಮೇಲೆ ಯಾವ ಸಡಿಲಿಕೆಯೂ ಇಲ್ಲ. ಈ ಗೆರೆ ದಾಟಿದ ಊರುಗಳಿಗೆ ಆರ್‌ಓ ಘಟಕ ಬೇಗ ಕೈಗೆಟುಕುವ ಪರಿಹಾರವಾಗಿ ಕಂಡಿತು.

ಪೊರೆಯ ಎರಡು ಬದಿ

ತೆಳುವಾದ ಒಂದು ಪೊರೆಯ ಈಚೆ ಸಿಹಿನೀರು, ಆಚೆ ಉಪ್ಪುನೀರು ಇಟ್ಟರೆ ಸಿಹಿನೀರು ತಾನಾಗಿ ಉಪ್ಪಿನ ಕಡೆ ಸರಿಯುತ್ತದೆ. ಇದು ಆಸ್ಮಾಸಿಸ್. ಉಪ್ಪಿನ ಬದಿಯಿಂದ ಸಾಕಷ್ಟು ಒತ್ತಡ ಹೇರಿದರೆ ನೀರು ಹಿಮ್ಮುಖವಾಗಿ ಹೊರಡುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಇದೇ ರಿವರ್ಸ್ ಆಸ್ಮಾಸಿಸ್, ಅಂದರೆ ಆರ್‌ಓ. ತತ್ತ್ವ ಹಳೆಯದು. ಕಷ್ಟವಿದ್ದದ್ದು ಪೊರೆಯಲ್ಲಿ. ಉಪ್ಪನ್ನು ತಡೆಯುವ ಪೊರೆ ನೀರನ್ನೂ ತಡೆಯುತ್ತಿತ್ತು. 1959-60ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿ ಬೆಳೆದ ಶ್ರೀನಿವಾಸ ಸೌರಿರಾಜನ್ ಸೇರಿ, ಮೇಲೆ ಅತಿ ತೆಳುವಾದ ಬಿಗಿ ಪದರ, ಕೆಳಗೆ ರಂಧ್ರಗಳುಳ್ಳ ಆಸರೆ ಇರುವ ಸೆಲ್ಯುಲೋಸ್ ಅಸಿಟೇಟ್ ಪೊರೆಯನ್ನು ತಯಾರಿಸಿದರು. ನೀರು ಧಾರಾಳವಾಗಿ ಹಾಯತೊಡಗಿತು.

ಈ ಪೊರೆ ಮೊದಲು ಊರಿನ ಬಳಕೆಗೆ ಇಳಿದದ್ದು ಸಮುದ್ರದ ಬದಿಯಲ್ಲಲ್ಲ. 1965ರಲ್ಲಿ ಕ್ಯಾಲಿಫೋರ್ನಿಯಾದ ಒಳನಾಡಿನ ಕೋಲಿಂಗಾ ಎಂಬ ಊರಿನಲ್ಲಿ. ಅಲ್ಲಿಯ ಅಂತರ್ಜಲ ಸವಳು. ಒಂದು ಕಾಲಕ್ಕೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು. ಆ ಘಟಕದ ಸಾಮರ್ಥ್ಯ ದಿನಕ್ಕೆ ಸುಮಾರು 19,000 ಲೀಟರ್, ಅಂದರೆ ಇಂದು ನಮ್ಮ ಹಳ್ಳಿಯ ಘಟಕಕ್ಕೆ ಹತ್ತಿರದ್ದೇ. ಆರ್‌ಓ ಹುಟ್ಟಿದ್ದೇ ಬೈಲಹೊಂಗಲದಂಥ ಊರಿನ ತೊಂದರೆಗೆ ಎನ್ನಬಹುದು.

ಈಗಿನ ಪೊರೆ ಪಾಲಿಅಮೈಡಿನದು. ನಿಜವಾಗಿ ಉಪ್ಪು ತಡೆಯುವ ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದೆರಡು ಭಾಗ. ಅದನ್ನು ಸುತ್ತಿ, ನಾಲ್ಕಿಂಚು ಅಡ್ಡಳತೆ, ನಾಲ್ವತ್ತಿಂಚು ಉದ್ದದ ಸುರುಳಿ ಮಾಡಿ ಕೊಳವೆಯೊಳಗೆ ಕೂರಿಸುತ್ತಾರೆ. ಘಟಕದ ಬಾಗಿಲು ತೆರೆದು ಒಳಗೆ ನೋಡಿದರೆ ಮೊದಲು ಮರಳಿನ ಟ್ಯಾಂಕು, ಆಮೇಲೆ ಇದ್ದಿಲಿನ ಟ್ಯಾಂಕು, ಬಿಳಿ ದಾರದ ಸಣ್ಣ ಫಿಲ್ಟರು, ಹನಿಹನಿಯಾಗಿ ರಾಸಾಯನಿಕ ಸೇರಿಸುವ ಪುಟ್ಟ ಪಂಪು, ಕೊನೆಗೆ ಒತ್ತಡದ ಪಂಪು ಮತ್ತು ಸುರುಳಿಗಳ ಕೊಳವೆ. ಅಲ್ಲೇ ಪಕ್ಕದಲ್ಲಿ ಪಾರದರ್ಶಕವಾದ ಎರಡು ಗಾಜಿನ ನಳಿಗೆಗಳು, ಒಳಗೆ ಮೇಲೆ ಕೆಳಗೆ ಆಡುವ ಬಿಲ್ಲೆ. ಒಂದರ ಬಿಲ್ಲೆ ಗಂಟೆಗೆ ಎಷ್ಟು ಲೀಟರ್ ಶುದ್ಧ ನೀರು ಬಂತೆಂದು ತೋರಿಸುತ್ತದೆ. ಇನ್ನೊಂದು ರಿಜೆಕ್ಟ್ ನೀರಿನದು, ಅಂದರೆ ಹಿಂದಿನ ಪೈಪಿನಿಂದ ಹೊರಬೀಳುವ ಸವಳು ನೀರಿನದು. ಈ ಬರಹದ ವಿಷಯವೆಲ್ಲ ಆ ಎರಡನೆಯ ಬಿಲ್ಲೆ ಎಲ್ಲಿ ನಿಂತಿದೆ ಎಂಬುದರಲ್ಲಿದೆ. ಅನೇಕ ಕಡೆ ಎರಡೂ ಸಮಸಮ ನಿಂತಿರುತ್ತವೆ. ಎಂದರೆ ಎತ್ತಿದ ನೀರಿನಲ್ಲಿ ಅರ್ಧ ಕ್ಯಾನಿಗೆ, ಅರ್ಧ ಗಟಾರಕ್ಕೆ.

ಒಂದು ದಿನದ ಜಮಾ-ಖರ್ಚು

ಲೆಕ್ಕಕ್ಕಾಗಿ ಒಂದು ಬೋರಿನ ಟಿಡಿಎಸ್ 1,800 ಎಂದು ಹಿಡಿಯೋಣ. ಘಟಕ ದಿನಕ್ಕೆ 10,000 ಲೀಟರ್ ಶುದ್ಧ ನೀರು ಕೊಡುತ್ತದೆ. ಅರ್ಧಕ್ಕರ್ಧ ಲೆಕ್ಕದಲ್ಲಿ ಅದು ಬೋರಿನಿಂದ ಎತ್ತಬೇಕಾದ ನೀರು 20,000 ಲೀಟರ್. ಅದರೊಳಗೆ ಕರಗಿರುವ ಲವಣ 36 ಕಿಲೋ. ಶುದ್ಧ ನೀರಿನ ಟಿಡಿಎಸ್ 100 ಇದ್ದರೆ ಅದರಲ್ಲಿ ಹೋಗುವುದು 1 ಕಿಲೋ. ಉಳಿದ 35 ಕಿಲೋ ಹಿಂದಿನ ಪೈಪಿನಲ್ಲಿ. ಆ ನೀರಿನ ಟಿಡಿಎಸ್ 3,500. ವರ್ಷಕ್ಕೆ ಒಂದೇ ಊರಿನ ಒಂದೇ ಘಟಕದಿಂದ ಹೊರಬೀಳುವ ಲವಣ ಹನ್ನೆರಡೂಮುಕ್ಕಾಲು ಟನ್ನು. 50 ಕಿಲೋ ಚೀಲದ ಲೆಕ್ಕದಲ್ಲಿ 255 ಚೀಲ.

ಈ 255 ಚೀಲವನ್ನು ಯಾರಾದರೂ ಲಾರಿಯಲ್ಲಿ ತಂದು ಊರಿನ ಹಳ್ಳಕ್ಕೆ ಸುರಿದರೆ ಗಲಾಟೆಯಾಗುತ್ತದೆ. ನೀರಿನಲ್ಲಿ ಕರಗಿ ದಿನಕ್ಕೆ 35 ಕಿಲೋದಂತೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಅದೇ ಘಟಕ ನೂರಕ್ಕೆ 75 ಪಾಲು ಶುದ್ಧ ನೀರು ತೆಗೆದರೆ? ಬೋರಿನಿಂದ ಎತ್ತುವುದು 13,333 ಲೀಟರ್ ಸಾಕು. ಅದರೊಡನೆ ಬರುವ ಲವಣ 24 ಕಿಲೋ. ರಿಜೆಕ್ಟ್ ನೀರು 3,333 ಲೀಟರಿಗೆ ಇಳಿಯುತ್ತದೆ, ಅದರ ಟಿಡಿಎಸ್ ಸುಮಾರು 7,000ಕ್ಕೆ ಏರುತ್ತದೆ. ನೀರು ಹೆಚ್ಚು ಸವಳಾಯಿತು ನಿಜ. ಆದರೆ ನೆಲದೊಳಗಿಂದ ಮೇಲೆ ಬಂದ ಒಟ್ಟು ಲವಣ ಮೂರರಲ್ಲೊಂದು ಪಾಲು ಕಡಿಮೆಯಾಯಿತು, ನಿಭಾಯಿಸಬೇಕಾದ ನೀರು ಮೂರರಲ್ಲೊಂದಕ್ಕೆ ಇಳಿಯಿತು. ಟಿಡಿಎಸ್ ಮೀಟರಿನ ಅಂಕಿಯನ್ನಷ್ಟೇ ನೋಡಿದವರಿಗೆ ಮೊದಲನೆಯದು ಒಳ್ಳೆಯ ಘಟಕ. ಕಿಲೋದಲ್ಲಿ ಲೆಕ್ಕ ಹಾಕಿದವರಿಗೆ ಎರಡನೆಯದು.

ಹಾಗಿದ್ದರೆ ಎಲ್ಲ ಕಡೆ 75 ಪಾಲು ಯಾಕೆ ತೆಗೆಯುವುದಿಲ್ಲ? ಒತ್ತಡ ಅಡ್ಡಿಯಲ್ಲ. ಟಿಡಿಎಸ್ 7,000 ಇರುವ ನೀರಿನ ಆಸ್ಮಾಟಿಕ್ ಒತ್ತಡ ಐದು ಬಾರ್ ಮಾತ್ರ, ಹಳ್ಳಿಯ ಪಂಪುಗಳು ಹತ್ತಕ್ಕೂ ಮೀರಿ ಒತ್ತುತ್ತವೆ. ಅಡ್ಡಿ ಇರುವುದು ಹರಳುಗಟ್ಟುವುದರಲ್ಲಿ. ನೀರು ನಾಲ್ಕು ಪಟ್ಟು ದಪ್ಪವಾದಾಗ ಸುಣ್ಣ, ಜಿಪ್ಸಂ, ಸಿಲಿಕಾಗಳು ಇನ್ನು ಕರಗಿರಲಾರದೆ ಪೊರೆಯ ಮೇಲೆ ಗಟ್ಟಿಯಾಗಿ ಕೂರುತ್ತವೆ. ಅದನ್ನು ತಡೆಯಲಿಕ್ಕೇ ಹನಿಹನಿ ರಾಸಾಯನಿಕ. ಅದರ ಡಬ್ಬಿ ಖಾಲಿಯಾಗಿ ತಿಂಗಳಾದರೂ ತುಂಬದಿದ್ದರೆ ಪೊರೆ ಕಟ್ಟಿಕೊಳ್ಳುತ್ತದೆ. ಪೊರೆ ಉಳಿಸಿಕೊಳ್ಳಲು ಆಪರೇಟರ್ ಮಾಡುವ ಸುಲಭದ ಉಪಾಯ ರಿಜೆಕ್ಟ್ ವಾಲ್ವನ್ನು ಇನ್ನಷ್ಟು ತಿರುವಿ ಬಿಡುವುದು. ನಿರ್ವಹಣೆಯಲ್ಲಿ ಉಳಿಸಿದ ದುಡ್ಡು ಹೀಗೆ ನೀರಾಗಿ ಗಟಾರ ಸೇರುತ್ತದೆ.

ಎರಿಮಣ್ಣಿಗೆ ಬಿದ್ದರೆ

ಗಟಾರ ಹಳ್ಳಕ್ಕೆ ಸೇರುತ್ತದೆ, ಹಳ್ಳ ಯಾರದೋ ಹೊಲದ ಬದುವಿಗೆ. ಮಸಾರಿ ನೆಲದಲ್ಲಿ ನೀರು ಬಸಿದು ಹೋಗುತ್ತದೆ. ಎರಿಮಣ್ಣಿನಲ್ಲಿ ಜೇಡಿಯೇ ಹೆಚ್ಚು, ನೀರು ನಿಧಾನ. ಅಲ್ಲಿ ಲವಣದ ಪ್ರಮಾಣದಷ್ಟೇ ಮುಖ್ಯವಾದದ್ದು ಲವಣದ ಜಾತಿ.

ಜೇಡಿಯ ಕಣಗಳು ಋಣವಿದ್ಯುತ್ ಹೊತ್ತಿರುತ್ತವೆ. ಕ್ಯಾಲ್ಸಿಯಂ ಅವನ್ನು ಹತ್ತಿರ ಹಿಡಿದು ಹೆಂಟೆಗಟ್ಟಿಸುತ್ತದೆ. ಸೋಡಿಯಂ ಬಂದು ಕ್ಯಾಲ್ಸಿಯಮಿನ ಜಾಗ ಹಿಡಿದರೆ ಕಣಗಳು ಬೇರ್ಪಡುತ್ತವೆ, ಮಣ್ಣಿನ ರಂಧ್ರ ಮುಚ್ಚುತ್ತದೆ. ಈ ಅಪಾಯವನ್ನು ಅಳೆಯುವ ಸೂಚ್ಯಂಕಕ್ಕೆ ಸೋಡಿಯಂ ಹೀರುವಿಕೆಯ ಅನುಪಾತ ಎಂದು ಹೆಸರು. ನೀರನ್ನು ಎರಡು ಪಟ್ಟು ದಪ್ಪ ಮಾಡಿದರೆ ಅದು 1.4 ಪಟ್ಟು, ನಾಲ್ಕು ಪಟ್ಟು ದಪ್ಪ ಮಾಡಿದರೆ ಎರಡು ಪಟ್ಟು ಏರುತ್ತದೆ. ಆ ನೀರಿನಲ್ಲಿದ್ದ ಸುಣ್ಣ ಹರಳುಗಟ್ಟಿ ಹೊರಬಿದ್ದರೆ ಇನ್ನೂ ಹೆಚ್ಚು.

ಹಾನಿ ಕೂಡಲೇ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ಸವಳಾಗಿಯೇ ಇರುವಾಗ ಆ ಉಪ್ಪೇ ಕಣಗಳನ್ನು ಒತ್ತಿ ಹಿಡಿದಿರುತ್ತದೆ. ಮುಂಗಾರು ಬಿದ್ದು ಸಿಹಿನೀರು ಉಪ್ಪನ್ನು ತೊಳೆದಾಗ ಜೇಡಿಗೆ ಅಂಟಿದ ಸೋಡಿಯಂ ಮಾತ್ರ ಉಳಿಯುತ್ತದೆ, ಮಣ್ಣು ಒಮ್ಮೆಲೆ ರಾಡಿಯಾಗಿ, ಒಣಗಿದಾಗ ಕಲ್ಲಾಗುತ್ತದೆ. ಬಿತ್ತಿದ ಜೋಳ ಮೇಲೇಳದಿದ್ದಾಗ ರೈತ ಮಳೆಯನ್ನು, ಬೀಜವನ್ನು ಬೈಯುತ್ತಾನೆ. ಕಾರಣ ಆರು ತಿಂಗಳ ಹಿಂದಿನ ನೀರಿನಲ್ಲಿರುತ್ತದೆ.

ಮಲಪ್ರಭೆಯ ಅಚ್ಚುಕಟ್ಟಿನ ರೈತರಿಗೆ ಈ ಪಾಠ ಹೊಸದಲ್ಲ. 1970ರ ದಶಕದಲ್ಲಿ ರೇಣುಕಾಸಾಗರ ಜಲಾಶಯದ ಕಾಲುವೆ ನೀರು ಎರಿನೆಲಕ್ಕೆ ಹರಿದ ಮೇಲೆ, ಬಸಿಗಾಲುವೆ ಇಲ್ಲದ ಕಡೆ ಅಂತರ್ಜಲ ಮೇಲೇರಿ ಹೊಲಗಳು ಸವಳು-ಜವಳಾದವು. ಕಾಲುವೆಯಲ್ಲಿ ಬಂದದ್ದು ಸಿಹಿನೀರು. ಅದೇ ಇಷ್ಟು ಮಾಡಿದರೆ ಸವಳು ನೀರಿನ ಬಗೆಗೆ ಬೇರೆ ಹೇಳಬೇಕಿಲ್ಲ. ಕರ್ನಾಲದಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ನೆಲಗಳ ಮೇಲೆ ದಶಕಗಳಿಂದ ಕೆಲಸ ಮಾಡಿವೆ. ಜಿಪ್ಸಂ, ಬಸಿಗಾಲುವೆ, ತೊಳೆಯುವ ನೀರು ಈ ಮೂರೂ ಇಲ್ಲದೆ ಸೋಡಿಯಂ ಹಿಡಿದ ನೆಲ ಸುಧಾರಿಸುವುದಿಲ್ಲ.

ಗಟಾರ ಬೇಡವೆಂದು ಇಂಗುಗುಂಡಿ ತೋಡಿದವರೂ ಇದ್ದಾರೆ. ಮಳೆನೀರಿಗೆ ಇಂಗುಗುಂಡಿ ಒಳ್ಳೆಯದು. ರಿಜೆಕ್ಟ್ ನೀರಿಗೆ ಅದು ತಿರುಗುಮುರುಗು ದಾರಿ. ಅಲ್ಲಿ ಇಳಿದ 35 ಕಿಲೋ ಲವಣ ಬಿರುಕುಗಳಲ್ಲಿ ಹಾದು ಅದೇ ಬೋರಿಗೆ ಅಥವಾ ಪಕ್ಕದವರ ಬೋರಿಗೆ ಬರುತ್ತದೆ. ವರ್ಷದಿಂದ ವರ್ಷಕ್ಕೆ ಬೋರಿನ ಟಿಡಿಎಸ್ ಏರುತ್ತ ಹೋದರೆ ಘಟಕ ತನ್ನದೇ ಕಸವನ್ನು ಮತ್ತೆ ಮತ್ತೆ ಶುದ್ಧ ಮಾಡುತ್ತಿದೆ ಎಂದು ಅನುಮಾನಿಸಬೇಕು.

ಬೇರೆಯವರು ಮಾಡಿದ್ದು

ಅಮೆರಿಕದ ಟೆಕ್ಸಸ್ ರಾಜ್ಯದ ಎಲ್ ಪಾಸೊ ನಗರದಲ್ಲಿ 2007ರಲ್ಲಿ ಶುರುವಾದ ಘಟಕ ದಿನಕ್ಕೆ 10 ಕೋಟಿ ಲೀಟರಿಗೂ ಹೆಚ್ಚು ನೀರು ಕೊಡಬಲ್ಲದು. ಒಳನಾಡಿನ ಇಂಥ ಘಟಕಗಳಲ್ಲಿ ಅತಿ ದೊಡ್ಡದೆಂದು ಅದಕ್ಕೆ ಹೆಸರು. ಅದರ ರಿಜೆಕ್ಟ್ ನೀರು ಪೈಪಿನಲ್ಲಿ 35 ಕಿಲೋಮೀಟರ್ ದೂರ ಹೋಗಿ, ಸುಮಾರು ಒಂದು ಕಿಲೋಮೀಟರ್ ಆಳದ ಕಲ್ಲಿನ ಪದರಕ್ಕೆ ಇಳಿಯುತ್ತದೆ. ಆ ಪದರದ ನೀರು ಮೊದಲೇ ಸವಳು, ಮೇಲಿನ ಸಿಹಿನೀರಿಗೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಮುಚ್ಚಿದ ಪದರವಿದ್ದಲ್ಲಿ ಮಾತ್ರ ಈ ಉಪಾಯ. ನಮ್ಮದು ಬಿರುಕುಗಳಲ್ಲಿ ನೀರು ನಿಲ್ಲುವ ಗಟ್ಟಿಕಲ್ಲಿನ ನೆಲ. ಒತ್ತಿ ಇಳಿಸಿದ್ದು ಎಲ್ಲಿ ಏಳುತ್ತದೆಂದು ಹೇಳಬರುವುದಿಲ್ಲ.

ಅದೇ ದೇಶದ ಅರಿಜೋನಾದಲ್ಲಿ ಇನ್ನೊಂದು ಕಥೆ. 1961ರಿಂದ ವೆಲ್ಟನ್-ಮೊಹಾಕ್ ಅಚ್ಚುಕಟ್ಟಿನ ಸವಳು ಬಸಿನೀರನ್ನು ಕೊಲರಾಡೊ ನದಿಗೆ ಬಿಟ್ಟಾಗ ಕೆಳಗಿನ ಮೆಕ್ಸಿಕೋದ ಬೆಳೆ ಸುಟ್ಟಿತು. ಎರಡು ದೇಶಗಳ ಜಗಳ 1973ರಲ್ಲಿ ಒಪ್ಪಂದಕ್ಕೆ ಬಂತು. ಬಸಿನೀರನ್ನು ಶುದ್ಧ ಮಾಡಲೆಂದು ಯೂಮಾದಲ್ಲಿ ದೊಡ್ಡ ಆರ್‌ಓ ಘಟಕ ಕಟ್ಟಿದರು. 1992ರಲ್ಲಿ ಮುಗಿದ ಅದು ಕೆಲವು ತಿಂಗಳು ನಡೆದು ನಿಂತಿತು, ಆಮೇಲೆ ಪ್ರಯೋಗಕ್ಕೆಂದು ಆಗೀಗ ನಡೆಯಿತು. ಅಷ್ಟರಲ್ಲಿ ಆ ಸವಳು ನೀರು ಪ್ರತ್ಯೇಕ ಕಾಲುವೆಯಲ್ಲಿ ಮೆಕ್ಸಿಕೋದ ತಗ್ಗುನೆಲಕ್ಕೆ ಹರಿದು ಆಪುಹುಲ್ಲಿನ ಸಾವಿರಾರು ಎಕರೆ ಜೌಗು ಬೆಳೆದಿತ್ತು. ಅಳಿವಿನಂಚಿನ ಹಕ್ಕಿಗಳು ಅಲ್ಲಿ ಗೂಡು ಕಟ್ಟಿದ್ದವು. ಘಟಕ ಪೂರ್ತಿ ನಡೆಸಿದರೆ ಜೌಗು ಒಣಗುತ್ತದೆ, ಇಲ್ಲವೇ ಇನ್ನೂ ಸವಳಾಗುತ್ತದೆ ಎಂಬುದೇ ಹೊಸ ತಕರಾರಾಯಿತು.

ನಮಗೆ ಹತ್ತಿರದ್ದು ತಿರುಪ್ಪೂರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಉಪ್ಪುನೀರು ನೊಯ್ಯಲ್ ನದಿಯನ್ನು, ಒರತ್ತುಪಾಳಯಂ ಅಣೆಕಟ್ಟನ್ನು ಹಾಳುಮಾಡಿತ್ತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ನೂರಾರು ಘಟಕಗಳು ಬಾಗಿಲು ಹಾಕಿದವು. ಒಂದು ಹನಿಯೂ ಹೊರಗೆ ಹೋಗಬಾರದೆಂಬ ಷರತ್ತಿನ ಮೇಲೆ ಮತ್ತೆ ತೆರೆದವು. ಆರ್‌ಓ ಆದ ಮೇಲೆ ಉಳಿದದ್ದನ್ನು ಕುದಿಸಿ ಉಪ್ಪು ತೆಗೆಯುತ್ತಾರೆ. ಸೋಡಿಯಂ ಸಲ್ಫೇಟು ಬಣ್ಣದ ತೊಟ್ಟಿಗೇ ಮರಳುತ್ತದೆ. ಯಾವುದಕ್ಕೂ ಬಾರದ ಮಿಶ್ರ ಉಪ್ಪು ಚೀಲಗಳಲ್ಲಿ ತುಂಬಿ ಕೊಠಡಿಗಳಲ್ಲಿ ಉಳಿಯುತ್ತದೆ. ಸವಳು ನೀರಿನ ಆರ್‌ಓಗೆ ಸಾವಿರ ಲೀಟರಿಗೆ ಒಂದೆರಡು ಯೂನಿಟ್ ವಿದ್ಯುತ್ ಸಾಕು. ಕುದಿಸಿ ಆವಿ ಮಾಡುವ ಯಂತ್ರಕ್ಕೆ ಇಪ್ಪತ್ತಕ್ಕೂ ಮೇಲೆ ಬೇಕು. ರಫ್ತಿನ ಬಟ್ಟೆ ಆ ಖರ್ಚು ಹೊರಬಲ್ಲದು, ಊರಿನ ಕುಡಿಯುವ ನೀರು ಹೊರಲಾರದು.

ಬಿಸಿಲಿಗೆ ಬಿಟ್ಟರೆ

ಬಿಸಿಲು ಪುಕ್ಕಟೆ ಸಿಗುತ್ತದಲ್ಲ, ಹೊಂಡ ತೋಡಿ ಒಣಗಿಸಿದರಾಯಿತು ಎಂಬ ಮಾತು ಬರುತ್ತದೆ. ತಳಕ್ಕೆ ಪಾಲಿಥಿನ್ ಹೊದಿಕೆ ಹಾಕಿದ ಹೊಂಡ ಇಲ್ಲಿಯ ರೈತರಿಗೆ 2014ರ ಕೃಷಿಭಾಗ್ಯ ಯೋಜನೆಯಿಂದ ಪರಿಚಿತ. ಲೆಕ್ಕ ಹಾಕಿ ನೋಡೋಣ. ವರ್ಷದ ಆವಿಯ ಅಳತೆ 1,800 ಮಿಲಿಮೀಟರ್ ಎಂದು ಹಿಡಿಯೋಣ. ಇದು ಹವಾಮಾನದವರ ಸಣ್ಣ ಪಾತ್ರೆಯಲ್ಲಿ ಅಳೆದದ್ದು. ದೊಡ್ಡ ಹೊಂಡದ ಸವಳು ನೀರಿನಲ್ಲಿ ಅದರ ನೂರಕ್ಕೆ 70 ಪಾಲು, ಅಂದರೆ 1,260. ಅದೇ ಹೊಂಡಕ್ಕೆ ಮಳೆಯೂ ಬೀಳುತ್ತದಲ್ಲ. ರಾಮದುರ್ಗದ ಕಡೆ 600 ಎಂದು ಕಳೆದರೆ ನಿವ್ವಳ ಒಣಗುವುದು 660 ಮಿಲಿಮೀಟರ್.

ಅರ್ಧಕ್ಕರ್ಧ ನೀರು ಬಿಡುವ ನಮ್ಮ ಲೆಕ್ಕದ ಘಟಕಕ್ಕೆ ಬೇಕಾಗುವ ಹೊಂಡ 55 ಗುಂಟೆ, ಒಂದು ಎಕರೆ ಹದಿನೈದು ಗುಂಟೆ. ಕೃಷಿಭಾಗ್ಯದ 21 ಮೀಟರ್ ಉದ್ದಗಲದ ಹೊಂಡ ಸುಮಾರು ನಾಲ್ಕೂವರೆ ಗುಂಟೆ, ಅಂಥವು ಹನ್ನೆರಡಕ್ಕೂ ಹೆಚ್ಚು ಬೇಕು. ಅದೇ ಘಟಕ 75 ಪಾಲು ಶುದ್ಧ ನೀರು ತೆಗೆದರೆ 18 ಗುಂಟೆ ಸಾಕು. ಕಿತ್ತೂರಿನ ಕಡೆ ಮಳೆ 900 ಎಂದು ಹಿಡಿದರೆ ಅರ್ಧಕ್ಕರ್ಧ ಘಟಕದ ಹೊಂಡ ಎರಡೂವರೆ ಎಕರೆಗೆ ಹೋಗುತ್ತದೆ. ಒಂದೇ ಉಪಾಯ ಮೂವತ್ತು-ನಾಲ್ವತ್ತು ಮೈಲಿಯೊಳಗೆ ಬೆಲೆ ಬದಲಿಸುವುದು ಹೀಗೆ. ರಾಜ್ಯಕ್ಕೆಲ್ಲ ಒಂದೇ ನಕ್ಷೆ ಕಳಿಸುವವರು ಇದನ್ನು ಮರೆಯಬಾರದು.

ಕೊನೆಗೆ ತಳದಲ್ಲಿ ಉಳಿಯುವುದು ಅಡಿಗೆಯ ಉಪ್ಪಲ್ಲ. ಸುಣ್ಣ, ಮೆಗ್ನೀಸಿಯಂ, ಸಲ್ಫೇಟು, ನೈಟ್ರೇಟು, ಫ್ಲೋರೈಡು ಎಲ್ಲ ಕೂಡಿದ ಗಟ್ಟಿ. ಅದನ್ನು ದನಕ್ಕೂ ನೆಕ್ಕಿಸಬಾರದು.

ಯಾವ ಕೆಲಸಕ್ಕೆ ಬಂದೀತು?

ಒಣಗಿಸುವ ಮೊದಲು ಬಳಸಬಹುದೇ? ಕೆಲವಕ್ಕೆ ಬಳಸಬಹುದು. ಸಾರ್ವಜನಿಕ ಶೌಚಾಲಯ ತೊಳೆಯಲು, ಟ್ರಾಕ್ಟರು ತೊಳೆಯಲು, ರಸ್ತೆಯ ಧೂಳಿಗೆ ಚಿಮುಕಿಸಲು ತೊಂದರೆಯಿಲ್ಲ. ಆದರೆ ಅದಾದ ಮೇಲೂ ಉಪ್ಪು ಎಲ್ಲೋ ಇಳಿದೇ ಇಳಿಯುತ್ತದೆ. ಲಾಭವಿರುವುದು ಒಂದೇ: ಆ ಕೆಲಸಕ್ಕೆ ಬೋರಿನಿಂದ ಬೇರೆ ನೀರು ಎತ್ತುವುದು ತಪ್ಪುತ್ತದೆ.

ಕಟ್ಟಡ ಕೆಲಸಕ್ಕೆ ಕೇಳುವವರುಂಟು. ಐಎಸ್ 456ರ ಪ್ರಕಾರ ಕಬ್ಬಿಣ ಹಾಕದ ಕಾಂಕ್ರೀಟಿಗೆ ಬೆರೆಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 2,000 ಮಿಲಿಗ್ರಾಂವರೆಗೆ ಇರಬಹುದು, ಕಬ್ಬಿಣ ಇರುವುದಕ್ಕೆ 500 ಮಾತ್ರ. ಆದ್ದರಿಂದ ಪರೀಕ್ಷೆ ಮಾಡಿಸಿ ತಳಪಾಯದ ಬೆಡ್ಡಿಗೆ ಹಾಕಬಹುದು. ಸ್ಲ್ಯಾಬಿಗೆ, ಕಾಲಮ್ಮಿಗೆ ಹಾಕಿದರೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ.

ದನಗಳ ತೊಟ್ಟಿಗೆ ಬಿಡುವುದು ಎಲ್ಲಕ್ಕಿಂತ ಪುಣ್ಯದ ಕೆಲಸವಾಗಿ ಕಾಣುತ್ತದೆ. ಟಿಡಿಎಸ್ 3,000ದವರೆಗಿನ ನೀರು ದನಕ್ಕೆ ತೊಂದರೆ ಕೊಡುವುದಿಲ್ಲ, 5,000ದವರೆಗೆ ಮೊದಮೊದಲು ಭೇದಿಯಾದರೂ ತಡೆದುಕೊಳ್ಳುತ್ತವೆ. ಅಂಜಬೇಕಾದದ್ದು ಫ್ಲೋರೈಡಿಗೆ. ಬೋರಿನಲ್ಲಿ 2 ಮಿಲಿಗ್ರಾಂ ಇದ್ದರೆ ರಿಜೆಕ್ಟ್ ನೀರಿನಲ್ಲಿ ಹೆಚ್ಚುಕಡಿಮೆ 4, ಘಟಕ 75 ಪಾಲು ತೆಗೆದರೆ 8ರ ಹತ್ತಿರ. ದನಕ್ಕೆ 2 ದಾಟಬಾರದೆಂಬುದು ಸಾಮಾನ್ಯ ಮಾರ್ಗಸೂಚಿ. ಹಲ್ಲು ಸವೆದು, ಕಾಲು ಹಿಡಿದುಕೊಂಡ ಎಮ್ಮೆ ಆಮೇಲೆ ಸುಧಾರಿಸುವುದಿಲ್ಲ. ಮನುಷ್ಯರಿಗಾಗಿ ತೆಗೆದ ವಿಷವನ್ನು ಎಮ್ಮೆಗೆ ಕುಡಿಸಿದರೆ ಅದು ಪುಣ್ಯವಾಗುವುದಿಲ್ಲ. ಪರೀಕ್ಷೆಯ ಚೀಟಿ ನೋಡದೆ ತೊಟ್ಟಿಗೆ ಪೈಪು ಜೋಡಿಸಬಾರದು.

ಬೆಳೆಗಳಲ್ಲಿ ತಾಳಿಕೆ ಬೇರೆ ಬೇರೆ. ಬೇರಿನ ಸುತ್ತಲ ಮಣ್ಣಿನ ನೀರಿನ ಲವಣವನ್ನು ವಿದ್ಯುದ್ವಾಹಕತೆಯಲ್ಲಿ ಅಳೆಯುತ್ತಾರೆ. ಉಳ್ಳಾಗಡ್ಡಿ ಮೀಟರಿಗೆ 1.2 ಡೆಸಿಸೀಮೆನ್ಸ್‌ಗೆ, ಕಬ್ಬು 1.7ಕ್ಕೆ ಇಳುವರಿ ಕಳೆದುಕೊಳ್ಳತೊಡಗುತ್ತವೆ. ಜೋಳ 6.8ರವರೆಗೆ, ಹತ್ತಿ 7.7ರವರೆಗೆ ತಡೆಯುತ್ತವೆ. ಹತ್ತಿ ಬೈಲಹೊಂಗಲದ ಬೆಳೆಯಾದ್ದರಿಂದ ಆಸೆ ಹುಟ್ಟುತ್ತದೆ. ಆದರೆ ಮಣ್ಣಿಗೆ ಸೇರಿದ ನೀರು ಒಣಗುತ್ತ ಒಂದೂವರೆ ಪಟ್ಟು ದಪ್ಪವಾಗುತ್ತದೆ. ಟಿಡಿಎಸ್ 3,500 ಎಂದರೆ ಸುಮಾರು 5.5, ಅದರ ಒಂದೂವರೆ ಪಟ್ಟು 8ಕ್ಕೂ ಮೇಲೆ. ಹತ್ತಿಯೂ ಸೋಲುತ್ತದೆ. ಸಿಹಿನೀರಿನೊಡನೆ ಬೆರೆಸಿ, ಬಸಿಯುವ ಮಸಾರಿ ನೆಲದಲ್ಲಿ, ಮಣ್ಣು ಪರೀಕ್ಷೆ ಮಾಡಿಸುತ್ತ ಮಾತ್ರ ಇದನ್ನು ಯೋಚಿಸಬಹುದು.

ಕಡಿಮೆ ಎತ್ತುವುದು

ಎಲ್ಲ ದಾರಿಗಳನ್ನೂ ನೋಡಿದ ಮೇಲೆ ಉಳಿಯುವ ಮಾತು ಇದು: ಮೇಲೆ ತಂದ ಉಪ್ಪನ್ನು ನಿಭಾಯಿಸುವುದು ಕಷ್ಟ, ತಾರದಿರುವುದು ಸುಲಭ. ಇದಕ್ಕೆ ಹಲವು ಬಗೆಗಳಿವೆ.

ಮೊದಲನೆಯದು, ಘಟಕವನ್ನು ನೆಟ್ಟಗೆ ನಡೆಸುವುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ಬೇಡ, ಇರುವಲ್ಲಿ ಕನಿಷ್ಠ 60 ಪಾಲು ನೀರು ಉಳಿಸಬೇಕು, ಮುಂದೆ 75ಕ್ಕೆ ಏರಿಸಬೇಕು ಎಂದು ಹೇಳಿತು. ಹಳ್ಳಿಯ ಘಟಕದಲ್ಲಿ ರಾಸಾಯನಿಕದ ಡಬ್ಬಿ ತುಂಬಿರುವುದು, ಮರಳಿನ ಟ್ಯಾಂಕು ಹೊತ್ತಿಗೆ ಸರಿಯಾಗಿ ತೊಳೆಯುವುದು, ರಿಜೆಕ್ಟ್ ನೀರನ್ನು ಎರಡನೆಯ ಸುರುಳಿಗೆ ಹಾಯಿಸುವುದು ಇದಕ್ಕೆ ಸಾಕಾಗಬಹುದು.

ಎರಡನೆಯದು, ರೋಗಕ್ಕೆ ತಕ್ಕ ಮದ್ದು. ಟಿಡಿಎಸ್ 700 ಇದ್ದು ಫ್ಲೋರೈಡ್ ಮಾತ್ರ ಹೆಚ್ಚಿದ್ದರೆ ಎಲ್ಲ ಲವಣವನ್ನೂ ತೆಗೆಯುವ ಆರ್‌ಓ ಯಾಕೆ? ಸಕ್ರಿಯ ಅಲ್ಯೂಮಿನಾ ತುಂಬಿದ ಕಂಬ, ಇಲ್ಲವೇ ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ ಫ್ಲೋರೈಡನ್ನಷ್ಟೇ ಹಿಡಿಯುತ್ತವೆ. ಅವುಗಳಲ್ಲೂ ಕೆಸರು, ತೊಳೆದ ನೀರು ಉಳಿಯುತ್ತದೆ, ಆದರೆ ದಿನಕ್ಕೆ ಹತ್ತು ಸಾವಿರ ಲೀಟರ್ ಉಳಿಯುವುದಿಲ್ಲ.

ಮೂರನೆಯದು, ಮಳೆ. 100 ಚದರ ಮೀಟರಿನ ಶಾಲೆಯ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಬಿದ್ದರೆ, ಐದರಲ್ಲೊಂದು ಪಾಲು ಸೋರಿಹೋದರೂ 48,000 ಲೀಟರ್ ಸಿಗುತ್ತದೆ. ದಿನಕ್ಕೆ 20 ಲೀಟರಿನ ಲೆಕ್ಕದಲ್ಲಿ ಆರು ಮನೆಗಳ ಇಡೀ ವರ್ಷದ ಕುಡಿಯುವ ನೀರು, ರಿಜೆಕ್ಟ್ ಸೊನ್ನೆ. ಊರಿಗೆಲ್ಲ ಸಾಲದು ನಿಜ, ಆದರೆ ಆರು ಮನೆಯ ಪಾಲಿನ ಉಪ್ಪು ನೆಲದಲ್ಲೇ ಉಳಿಯಿತು.

ನಾಲ್ಕನೆಯದು, ಹೊಳೆ. ಹುಬ್ಬಳ್ಳಿ-ಧಾರವಾಡದ ನಳಗಳಿಗೆ ನೀರು ಹೋಗುವುದು ಸವದತ್ತಿಯ ರೇಣುಕಾಸಾಗರದಿಂದ. ಬಹುಗ್ರಾಮ ಯೋಜನೆಗಳ ಪೈಪು ಅದೇ ಹೊಳೆಯ ನೀರನ್ನು ಹಳ್ಳಿಗಳಿಗೆ ತರುತ್ತಿದೆ. 2019ರ ಜಲಜೀವನ್ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರ್. ಹೊಳೆಯ ನೀರು ನೆಟ್ಟಗೆ ಶುದ್ಧವಾಗಿ ವರ್ಷಪೂರ್ತಿ ಬಂದ ಊರಿನಲ್ಲಿ ಆರ್‌ಓ ಘಟಕಕ್ಕೆ ಕೆಲಸವಿರಬಾರದು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರು ಎಂದು ತೀರ್ಪು ಕೊಟ್ಟಾಗ ಈ ಸೀಮೆಯವರು ಅಷ್ಟು ಲಕ್ಷ್ಯ ಕೊಟ್ಟು ಕೇಳಿದ್ದಕ್ಕೆ ಇದೂ ಕಾರಣ.

ಹೊಳೆ ಮುಟ್ಟದ ಊರುಗಳಿಗೆ ಘಟಕ ಇನ್ನೂ ಬೇಕು. ಅಲ್ಲಿ ಪಂಚಾಯ್ತಿ ಮಾಡಬಹುದಾದ ಖರ್ಚಿಲ್ಲದ ಕೆಲಸವೊಂದಿದೆ. ಈಗ ಗೋಡೆಯ ಮೇಲೆ ಯೋಜನೆಯ ಹೆಸರು, ಕ್ಯಾನಿನ ದರ ಇರುತ್ತವೆ. ಅದರ ಕೆಳಗೆ ಇನ್ನು ನಾಲ್ಕು ಸಾಲು ಬರೆಸಲಿ: ಬೋರಿನ ಟಿಡಿಎಸ್ ಎಷ್ಟು, ಕ್ಯಾನಿನ ನೀರಿನದು ಎಷ್ಟು, ದಿನಕ್ಕೆ ರಿಜೆಕ್ಟ್ ಎಷ್ಟು ಲೀಟರ್, ಅದು ಎಲ್ಲಿಗೆ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಅಂಕಿ ತಿದ್ದಲಿ. ಮೊದಲನೆಯ ಅಂಕಿ ಏರುತ್ತ ಹೋದರೆ ಉಪ್ಪು ಬೋರಿಗೆ ವಾಪಸು ಬರುತ್ತಿರಬಹುದು ಎಂದರ್ಥ. ಮೂರನೆಯದು ಏರಿದರೆ ಯಂತ್ರ ಕೆಟ್ಟಿದೆ ಎಂದರ್ಥ. ನಾಲ್ಕನೆಯ ಸಾಲು ಖಾಲಿ ಉಳಿದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಲು ಯಾವ ವಿಜ್ಞಾನದ ಡಿಗ್ರಿಯೂ ಬೇಕಿಲ್ಲ.